ಬೈಗುಳ ಕೇಳದ ಬೆಳಿಗ್ಗೆ

ನಮ್ಮ ಅತ್ತಿಗೆಗೆ ಕೆಲಸದ ಜಾಗದಲ್ಲಿ ಯಾರೋ ದಿನವೂ ಬೈಯುತ್ತಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಲು ಆಧಾರವೂ ಇತ್ತು. ಅಣ್ಣನ ಮನೆಗೆ ಊಟಕ್ಕೆ ಹೋದಾಗಲೆಲ್ಲ ಅತ್ತಿಗೆ ಬಡಿಸುತ್ತಾ, ನಾಳೆ ಮೋಡ ಇರುತ್ತದೆ ಎನ್ನುವವರ ಧ್ವನಿಯಲ್ಲಿ, “ಇವತ್ತು ಕೂತ ತಕ್ಷಣ ಬೈಸಿಕೊಂಡೆ,” ಎನ್ನುತ್ತಿದ್ದರು. ಇನ್ನೊಂದು ದಿನ, “ಇವತ್ತು ಪರವಾಗಿಲ್ಲ, ಒಂದೇ ಸಲ ಬೈತು.” ನಮ್ಮಣ್ಣ ಕನ್ನಡಕದಂಗಡಿಯವನು. ಊರಿನವರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವುದೇ ಅವನ ಕಸುಬು. ಅಂಥವನು ತಟ್ಟೆಯಿಂದ ತಲೆ ಎತ್ತದೆ, “ಬೈಲಿ ಬಿಡು, ಒಳ್ಳೇದಕ್ಕೇ ತಾನೇ,” ಎನ್ನುತ್ತಿದ್ದ. ಹೆಂಡತಿಗೆ ಯಾರೋ ಬೈದರೆ ಒಳ್ಳೆಯದಕ್ಕೆ ಎನ್ನುವ ಗಂಡನನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೈದ ಅಧಿಕಾರಿಯನ್ನು ಅತ್ತಿಗೆ ‘ಅದು’ ಎನ್ನುವುದನ್ನು ಕೇಳಿ, ಪಾಪ, ಎಷ್ಟು ನೊಂದಿರಬೇಕು ಎಂದುಕೊಂಡೆ.

ಕೊನೆಗೊಂದು ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸಿನಲ್ಲಿ ಕೂತು ಒಂದು ಭಾಷಣ ಹೊಂದಿಸಿಕೊಂಡು, ಅವರು ಕೆಲಸ ಮಾಡುವ ಆಸ್ಪತ್ರೆಗೆ ಹೋದೆ. ಔಷಧ ವಿಭಾಗದ ಹಿಂದಿನ ಕೋಣೆ. ಅಧಿಕಾರಿ ಎದ್ದು ನಿಂತು ಕುರ್ಚಿ ಕೊಟ್ಟರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೇ ತಗ್ಗಿದ ಧ್ವನಿಯಲ್ಲಿ, “ನೀವು ಬಂದಿದ್ದು ಒಳ್ಳೇದಾಯ್ತು. ನಿಮ್ಮ ಅತ್ತಿಗೆಗೆ ಸ್ವಲ್ಪ ಹೇಳಿ, ಎಲ್ಲರ ಎದುರಿಗೆ ನನ್ನನ್ನ ಅಷ್ಟು ಗದರಿಸಬಾರದು,” ಎಂದರು.

ನನ್ನ ಭಾಷಣ ಹೊಟ್ಟೆಯಲ್ಲೇ ಉಳಿಯಿತು. ಮೂಲೆಯ ಮೇಜಿನಲ್ಲಿ ಕೂತಿದ್ದ ಅತ್ತಿಗೆ ತಮ್ಮ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅದರ ತುಂಬ ಕೆಂಪು ಸಾಲುಗಳು.

“ಬೈಯೋದು ಇದು,” ಎಂದರು. “ಇದಕ್ಕೇನು ಹೇಳ್ಬೇಕು ಅಂತ ಬಂದಿದ್ದೆ, ಹೇಳು.”

ಅವರ ಕೆಲಸ ಏನೆಂದು ನನಗೆ ತಿಳಿದದ್ದು ಅವತ್ತು. ಆ ಆಸ್ಪತ್ರೆಯ ಎಳೆಮಕ್ಕಳ ವಾರ್ಡಿನಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿರುತ್ತವೆ. ಹಾಲು ಕುಡಿದು ಅರಗಿಸಿಕೊಳ್ಳುವ ಶಕ್ತಿ ಬರುವವರೆಗೆ ಅವುಗಳ ಊಟವೆಲ್ಲ ಡ್ರಿಪ್ ಚೀಲದಿಂದ. ಯಾವ ಕೂಸಿನ ಚೀಲಕ್ಕೆ ಎಷ್ಟು ಸಕ್ಕರೆ, ಎಷ್ಟು ಉಪ್ಪು, ಎಷ್ಟು ನೀರು ಎಂಬುದನ್ನು ಆ ದಿನದ ತೂಕ ನೋಡಿ ಲೆಕ್ಕ ಹಾಕಬೇಕು. ಲೆಕ್ಕ ಹಾಕುವ ಪ್ರೋಗ್ರಾಮನ್ನು ಬರೆದವರು ನಮ್ಮ ಅತ್ತಿಗೆ. ವರ್ಷಗಟ್ಟಲೆ ಅದನ್ನು ಸಾಕಿಕೊಂಡು ಬಂದವರೂ ಅವರೇ. ರಾತ್ರಿ ಪಾಳಿಯ ಸಿಸ್ಟರ್ ಯಾವುದೋ ಒಂದು ಕೂಸಿನ ತೂಕ ತುಂಬದೆ ಬಿಟ್ಟರೆ ಸಾಕು, ಪ್ರೋಗ್ರಾಮ್ ಅಲ್ಲೇ ಕಾಲೂರಿ ನಿಂತು ಕೆಂಪು ಸಾಲುಗಳನ್ನು ಉಗಿಯುತ್ತಿತ್ತು. ಅತ್ತಿಗೆ ವಾರ್ಡಿಗೆ ಫೋನ್ ಮಾಡುತ್ತಿದ್ದರು, ಸಿಸ್ಟರ್ ಗೊಣಗುತ್ತಾ ಕೂಸನ್ನು ತೂಗುತ್ತಿದ್ದಳು, ತೂಕ ಬಂದ ಮೇಲೆ ಪ್ರೋಗ್ರಾಮ್ ಸಮಾಧಾನವಾಗಿ ಮುಂದೆ ಹೋಗುತ್ತಿತ್ತು. ಸಿಸ್ಟರುಗಳು ಮನುಷ್ಯರಾದ್ದರಿಂದ ಬೈಗುಳ ಹೆಚ್ಚುಕಡಿಮೆ ದಿನವೂ ಇರುತ್ತಿತ್ತು.

ಮನೆಯಲ್ಲೂ ಅತ್ತಿಗೆಯದು ಇದೇ ಕ್ರಮ. ಹೊಸ ಕುಕ್ಕರ್ ತಂದರೆ ಹಳೆಯದನ್ನು ಹೊರಗೆ ಹಾಕುವವರಲ್ಲ. ಎರಡನ್ನೂ ಅಕ್ಕಪಕ್ಕದ ಒಲೆಯ ಮೇಲಿಟ್ಟು, ಎರಡರಲ್ಲೂ ಅಕ್ಕಿ ಹಾಕಿ, ಯಾವುದು ಯಾವಾಗ ಕೂಗುತ್ತದೆ ಎಂದು ಸೊಂಟಕ್ಕೆ ಕೈಯಿಟ್ಟು ನಿಂತು ನೋಡುವವರು. ಆ ದಿನಗಳಲ್ಲಿ ಅಣ್ಣ ಹಗಲೂ ಇರುಳೂ ಅನ್ನ ತಿನ್ನುತ್ತಿದ್ದ. “ಕೂಗೋ ಕುಕ್ಕರಿಗೆ ಹೆದರಬೇಡ,” ಎಂದು ಅತ್ತಿಗೆ ಒಮ್ಮೆ ನನಗೆ ಹೇಳಿದ್ದರು. “ಒಲೆ ಉರೀತಿದೆ, ಕುಕ್ಕರ್ ಕೂಗ್ತಿಲ್ಲ ಅಂದ್ರೆ ಮಾತ್ರ ಅಡಿಗೆಮನೆಯಿಂದ ಈಚೆ ಬಾ.”

ನಾನೀಗ ಹೇಳಹೊರಟ ಸಂಗತಿ ನಡೆದಾಗ ನನ್ನ ತಂಗಿಯ ಮಗಳಿಗೆ ಹೆರಿಗೆಯಾಗಿತ್ತು. ಹೆರಿಗೆ ಎನ್ನುವುದಕ್ಕಿಂತ ಅವಸರ ಎನ್ನಬೇಕು. ಕೂಸು ಅಂಗೈಯಗಲ. ನಾವೆಲ್ಲ ಅದನ್ನು ಗುಬ್ಬಿ ಎಂದು ಕರೆಯತೊಡಗಿದೆವು. ಅದನ್ನು ಇದೇ ವಾರ್ಡಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ನಾವು ಹೊರಗಿನ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸರದಿಯಂತೆ ಕೂರುತ್ತಿದ್ದೆವು. ಪಕ್ಕದ ಪೆಟ್ಟಿಗೆಯ ಕೂಸಿನ ಅಪ್ಪ ಲಾರಿ ಓಡಿಸುವವನು. ಆ ವಾರ್ಡಿನ ಮಟ್ಟಿಗೆ ಅವನ ಮಗ ದೊಡ್ಡ ದೇಹದವನು. ಗುಬ್ಬಿಯಂಥವರು ಇಬ್ಬರು ಸೇರಿದರೆ ಅವನೊಬ್ಬ. ಅಪ್ಪನೇ ಅವನಿಗೆ ಪೈಲ್ವಾನ್ ಎಂದು ಹೆಸರಿಟ್ಟು, ಬಂದವರಿಗೆಲ್ಲ ಗಾಜಿನಿಂದಾಚೆ ತೋರಿಸಿ ಹೆಮ್ಮೆಪಡುತ್ತಿದ್ದ.

ಅದೇ ಸಮಯಕ್ಕೆ ಅತ್ತಿಗೆಯ ಪ್ರೋಗ್ರಾಮ್ ಯಾವ ತಂತ್ರಾಂಶದ ಮೇಲೆ ನಿಂತಿತ್ತೋ ಅದರ ಹೊಸ ಆವೃತ್ತಿ ಬಂತು. ವರ್ಷಕ್ಕೊಮ್ಮೆ ಬರುತ್ತದಂತೆ.

“ಬಾಡಿಗೆ ಮನೆ ಬದಲಾಯಿಸಿದ ಹಾಗೆ ಅಂತಿಟ್ಕೋ,” ಎಂದು ಕಾರಿಡಾರಿನಲ್ಲಿ ನನ್ನ ಪಕ್ಕ ಕೂತು ವಿವರಿಸಿದರು. “ಮನೆ ಹೊಸದು, ಖಾಲಿ. ಸಾಮಾನೆಲ್ಲ ಹಳೇ ಮನೇಲೇ. ಪ್ಯಾಕೇಜ್ ಅಂತೀವಲ್ಲ, ಅದೇ ಈ ಸಾಮಾನು. ಒಂದೊಂದನ್ನ ಒಬ್ಬೊಬ್ಬರು ಮಾಡಿ ಊರಿಗೆಲ್ಲ ಕೊಟ್ಟಿರ್ತಾರೆ. ನಾವು ಒಂದೊಂದಾಗಿ ಎತ್ಕೊಂಡು ಬರಬೇಕು. ಕೆಲವು ಬಾಗಿಲಲ್ಲಿ ತೂರಲ್ಲ. ಇನ್ನು ಕೆಲವಕ್ಕೆ ಮಾಡಿದೋರೇ ಹೊಸ ಮಾದರಿ ಬಿಟ್ಟಿರ್ತಾರೆ. ಹೆಸರು ಅದೇ, ಒಳಗೆ ಬೇರೆ.”

“ಹೆಸರು ಅದೇ, ಒಳಗೆ ಬೇರೆ ಅಂದ್ರೆ ನಮ್ಮಣ್ಣನ ಥರ.”

“ನಿಮ್ಮಣ್ಣ ಒಳಗೂ ಅದೇ. ತೊಂದರೆ ಇರೋದೇ ಅಲ್ಲಿ,” ಎಂದರು. ಆಮೇಲೆ ನಗು ನಿಲ್ಲಿಸಿ, “ಒಂದು ಪ್ಯಾಕೇಜಿದೆ. ತೂಕದ ಪಟ್ಟಿ ಓದೋದು ಅದೇ. ಅದರ ಹೊಸ ಮಾದರಿಯನ್ನ ನಾನು ವರ್ಷಗಳಿಂದ ಒಳಗೆ ಬಿಟ್ಟಿಲ್ಲ. ಖಾಲಿ ಜಾಗ ಕಂಡ್ರೆ ಹಳೇದು ಬೈಯುತ್ತೆ. ಹೊಸದು ತುಂಬ ಸಭ್ಯ. ಬೈಯೋದು ಬೇಡ ಅಂತ ಮೇಲಿನ ಸಾಲಲ್ಲಿ ಏನಿದೆಯೋ ಅದನ್ನೇ ಖಾಲಿ ಜಾಗಕ್ಕೆ ತುಂಬಿಕೊಂಡು ಸುಮ್ಮನೆ ಮುಂದೆ ಹೋಗುತ್ತೆ. ಅದನ್ನ ಸುಧಾರಣೆ ಅಂತ ಕರೆದಿದ್ದಾರೆ,” ಎಂದರು.

ನನಗೆ ಅರ್ಥವಾದದ್ದು ಅರ್ಧ. ಆದರೂ ಪೂರ್ತಿ ಅರ್ಥವಾದವನಂತೆ ತಲೆದೂಗಿದೆ. ಆ ಕಲೆ ನನಗೆ ಹುಟ್ಟಿನಿಂದಲೇ ಬಂದದ್ದು.

ಆ ಕೋಣೆಯ ಅಧಿಕಾರಿಯನ್ನು ಆಸ್ಪತ್ರೆಯವರೆಲ್ಲ ಬೆನ್ನ ಹಿಂದೆ ಹಸಿರು ಸಾಹೇಬರು ಎನ್ನುತ್ತಿದ್ದರು. ಗೋಡೆಯ ಮೇಲೆ ಒಂದು ದೊಡ್ಡ ಪರದೆ ಹಾಕಿಸಿಕೊಂಡಿದ್ದರು. ಅದರಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ದೀಪ. ಎಲ್ಲ ಹಸಿರಾಗಿದ್ದರೆ ಅವರಿಗೆ ಊಟ ರುಚಿಸುತ್ತಿತ್ತು, ಒಂದು ಹಳದಿಯಾದರೆ ನಿದ್ದೆ ಹೋಗುತ್ತಿತ್ತು. ಕೆಟ್ಟವರಲ್ಲ. ಆದರೆ ತಾವು ಓಡಾಡಿದ ಕಡೆಯಲ್ಲೆಲ್ಲ ಪ್ರಗತಿ ಆಗುತ್ತದೆ ಎಂಬ ನಂಬಿಕೆಯಿಂದ ಬಹಳ ಓಡಾಡುತ್ತಿದ್ದರು. ಆ ವಾರ ತಪಾಸಣೆಯವರು ಬರುವವರಿದ್ದರು. ಅತ್ತಿಗೆಯ ಯಂತ್ರದ ದೀಪ ಹಳದಿಯಾಗಿತ್ತು. ‘ಹಳೆಯ ಪ್ಯಾಕೇಜುಗಳಿವೆ’ ಎಂದು ಅದರ ಕೆಳಗೆ ಬರೆದಿತ್ತು.

“ತಪಾಸಣೆಯವರು ಬಂದಾಗ ನಮ್ಮಲ್ಲಿ ಹಳೇದು ಅನ್ನೋ ಪದವೇ ಕಾಣಬಾರದು ಮೇಡಂ,” ಎಂದು ಸಾಹೇಬರು ಅತ್ತಿಗೆಯ ಹೆಗಲ ಹಿಂದೆ ಬಂದು ನಿಂತರು. ನಿಂತು, ಕಾಲದ ಜೊತೆ ಹೆಜ್ಜೆ ಹಾಕುವುದರ ಬಗ್ಗೆ ಮಾತಾಡತೊಡಗಿದರು. ಅತ್ತಿಗೆ ಪ್ಯಾಕೇಜುಗಳನ್ನು ಒಂದೊಂದಾಗಿ ತರುತ್ತಿದ್ದರು. ನಡುವೆ ಯಂತ್ರ ಕೇಳಿತು: ಹಳೆಯವಾದವು ಇಷ್ಟಿವೆ, ಎಲ್ಲವನ್ನೂ ಹೊಸದಕ್ಕೆ ಏರಿಸಲೇ, ಕೆಲವನ್ನೇ, ಅಥವಾ ಯಾವುದೂ ಬೇಡವೇ? ಹಿಂದೆಂದೂ ಅತ್ತಿಗೆ ‘ಎಲ್ಲ’ ಎಂದವರಲ್ಲ. ಅವತ್ತು ಕಿವಿಯಲ್ಲಿ ಕಾಲದ ಹೆಜ್ಜೆ ಸದ್ದು ಮಾಡುತ್ತಿತ್ತು. ‘ಎಲ್ಲ’ ಎಂದು ಒತ್ತಿಬಿಟ್ಟರು.

ಗೋಡೆಯ ಮೇಲೆ ದೀಪ ಹಸಿರಾಯಿತು. ಸಾಹೇಬರು ಚಪ್ಪಾಳೆ ತಟ್ಟಿದರು.

ಹಳೆಯ ಮನೆಯನ್ನೂ ಇಟ್ಟುಕೊಂಡು, ಕೆಲವು ವಾರ ಎರಡರಲ್ಲೂ ಲೆಕ್ಕ ಹಾಕಿ ಹೋಲಿಸುವುದು ಅತ್ತಿಗೆಯ ಪದ್ಧತಿ. “ಎರಡೆರಡು ಯಾಕೆ? ನೋಡೋರು ಏನಂದ್ಕೊಳ್ತಾರೆ?” ಎಂದು ಸಾಹೇಬರು ಅದನ್ನೂ ಬಿಡಲಿಲ್ಲ. ಅತ್ತಿಗೆ ಹಳೆಯದನ್ನೆಲ್ಲ ಒಂದು ಮುದಿ ಕಂಪ್ಯೂಟರಿಗೆ ಸಾಗಿಸಿ, ಅದರ ವೈರು ಕಿತ್ತು, ಕಿಟಕಿಯ ಕೆಳಗೆ ಇಟ್ಟರು. ಸಾಹೇಬರು ಅದರ ಮೇಲೊಂದು ಹೂವಿನ ಕುಂಡ ಇಡಿಸಿದರು.

ತಪಾಸಣೆಯ ದಿನ ಬೆಳಿಗ್ಗೆ ನಾನೂ ನನ್ನ ತಂಗಿಯೂ ಕಾರಿಡಾರಿನಲ್ಲಿ ಕೂತಿದ್ದೆವು. ನೆಲ ಒರೆಸಿ ಒರೆಸಿ ಜಾರುವಂತೆ ಮಾಡಿದ್ದರು. ಎಲ್ಲ ಕಡೆಯೂ ಅತಿಯಾದ ಶಾಂತಿ. ಯಾವ ಹೊತ್ತಿನಲ್ಲಿ ಅತ್ತಿಗೆ ಫೋನಿನ ಮೇಲೆ ಸಿಸ್ಟರುಗಳ ಜೊತೆ ಜಗಳವಾಡುತ್ತಿರಬೇಕಿತ್ತೋ ಆ ಹೊತ್ತಿನಲ್ಲಿ ಕಾಫಿ ಲೋಟ ಹಿಡಿದುಕೊಂಡು ನಮ್ಮ ಬಳಿ ಬಂದರು. ಕುಡಿಯುತ್ತಿರಲಿಲ್ಲ, ಹಿಡಿದುಕೊಂಡಿದ್ದರು.

“ಏನತ್ತಿಗೆ, ಇಷ್ಟು ಬೇಗ ಬಿಡುವು?”

“ಇವತ್ತು ಬೈಲೇ ಇಲ್ಲ,” ಎಂದರು. “ನಿನ್ನೇನೂ ಇಲ್ಲ.”

“ಅದಕ್ಕೂ ನಿಮ್ಮ ಮೇಲೆ ಗೌರವ ಬಂದಿರಬೇಕು.”

ಅತ್ತಿಗೆ ನಗಲಿಲ್ಲ. “ಸಿಸ್ಟರ್‌ಗಳೆಲ್ಲ ಎರಡು ದಿನದಿಂದ ಒಂದೂ ಮರೀದೆ ತೂಕ ಬರೀತಿದ್ದಾರೆ ಅಂದ್ರೆ ನಂಬೋಕಾಗ್ತಿಲ್ಲ,” ಎಂದು ತಮಗೇ ಹೇಳಿಕೊಂಡರು. “ತಪಾಸಣೆ ಅಂತ ಹೆದರಿ ಬರೆದಿರಬಹುದು. ಬರೆದಿರಬಹುದು, ಅಲ್ವಾ?”

ಆ ಪ್ರಶ್ನೆ ನನಗೆ ಕೇಳಿದ್ದಲ್ಲ. ಪಕ್ಕದ ಕುರ್ಚಿಯಲ್ಲಿ ಲಾರಿಯವನು ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ದಿನವೂ ಮಗನ ತೂಕ ಸಾರುತ್ತಿದ್ದವನು ಇವತ್ತು ಮಾತೇ ಆಡಿರಲಿಲ್ಲ. ಏನಾಯಿತೆಂದು ನಾನೇ ಕೇಳಿದೆ.

“ನಮ್ಮ ಪೈಲ್ವಾನ್ ರಾತ್ರಿಯೆಲ್ಲ ನಡುಗ್ತಿದ್ದನಂತೆ ಸಾರ್. ರಕ್ತದಲ್ಲಿ ಸಕ್ಕರೆ ಇಳಿದುಬಿಟ್ಟಿತ್ತಂತೆ. ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಈಗ ಸಕ್ಕರೆ ನೀರು ಕೊಟ್ಟು ಸರಿ ಮಾಡಿದ್ದಾರೆ.”

ಅತ್ತಿಗೆ ಅವನ ಕಡೆ ತಿರುಗಿದರು. “ನಿನ್ನೆ ಅವನ ತೂಕ ನೋಡಿದ್ರಾ?”

“ನಿನ್ನೆ ಎಲ್ಲಿ ಮೇಡಂ. ಬೆಳಿಗ್ಗೆನೇ ಸ್ಕ್ಯಾನ್ ಮಾಡ್ಸೋಕೆ ಕರ್ಕೊಂಡು ಹೋಗಿದ್ರು. ತೂಗಲಿಲ್ಲ. ಇವತ್ತು ತೂಗಿದ್ರು.”

ಅತ್ತಿಗೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಬಹಳ ನಿಧಾನವಾಗಿ ಇಟ್ಟರು.

ನನ್ನ ತಂಗಿ, ಪಾಪ, ಆಗಲೇ ಬಾಯಿ ಹಾಕಿದಳು. “ನಮ್ಮ ಗುಬ್ಬೀನೂ ಇವತ್ತು ತೂಗಿಲ್ಲ ಅತ್ತಿಗೆ. ರಾತ್ರಿಯೆಲ್ಲ ಒದ್ದಾಡಿ ಆಗತಾನೇ ನಿದ್ದೆ ಹತ್ತಿತ್ತು. ಎಬ್ಬಿಸಬೇಡಮ್ಮ ಅಂತ ಸಿಸ್ಟರ್‌ಗೆ ನಾನೇ ಹೇಳ್ದೆ. ಒಳ್ಳೆ ಹುಡುಗಿ, ಹೂಂ ಅಂದ್ಲು.”

ಅತ್ತಿಗೆ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒರೆಸಿದ ನೆಲದ ಮೇಲೆ ಚಪ್ಪಲಿ ಜಾರಿತು. ಚಪ್ಪಲಿಯನ್ನು ಅಲ್ಲೇ ಬಿಟ್ಟು ವಾರ್ಡಿನ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರು. ಗಾಜಿನಿಂದ ನಾವು ನೋಡುತ್ತಿದ್ದೆವು. ಗುಬ್ಬಿಯ ಪೆಟ್ಟಿಗೆಯ ಮೇಲೆ ಹೊಸ ಚೀಲ ಆಗಲೇ ತೂಗಾಡುತ್ತಿತ್ತು. ಹನಿ ಬೀಳುತ್ತಿತ್ತು. ಕೂಸು ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಅತ್ತಿಗೆ ಯಾರನ್ನೂ ಕೇಳದೆ ಕೊಳವೆಯ ಹಿಡಿಕೆ ತಿರುಗಿಸಿ ಹನಿ ನಿಲ್ಲಿಸಿದರು. ಸಿಸ್ಟರ್ ಕೈ ಹಿಡಿಯಲು ಹೋದಳು. ಅತ್ತಿಗೆ ಏನೋ ಹೇಳಿದರು. ಸಿಸ್ಟರ್ ಚೀಲದ ಮೇಲಿನ ಚೀಟಿ ನೋಡಿದಳು, ಕೈಯಲ್ಲಿದ್ದ ಚೀಟಿ ನೋಡಿದಳು, ಎರಡೂ ಒಂದೇ ಇದೆ ಎಂಬಂತೆ ತೋರಿಸಿದಳು. ಒಂದೇ ಇದ್ದವು. ಎರಡನ್ನೂ ಮುದ್ರಿಸಿದ್ದು ಅದೇ ಪ್ರೋಗ್ರಾಮ್. ಕೂಸಿನ ತೂಕ ಎರಡರಲ್ಲೂ ಇರಲಿಲ್ಲ.

ಗದ್ದಲ ಕೇಳಿ ಹಸಿರು ಸಾಹೇಬರು ಟೈ ಸರಿಮಾಡಿಕೊಳ್ಳುತ್ತಾ ಬಂದರು. “ಏನು ಮೇಡಂ ಇದು, ತಪಾಸಣೆಯವರು ಕೆಳಗೆ ಕಾರಿಂದ ಇಳೀತಿದ್ದಾರೆ. ನಮ್ಮ ಪರದೇಲಿ ಎಲ್ಲ ಹಸಿರಿದೆ.”

“ಅದಕ್ಕೇ ಸಾರ್ ಹೆದರಿಕೆ,” ಎಂದರು ಅತ್ತಿಗೆ.

ವಾರ್ಡಿನ ಡಾಕ್ಟರು ವಾದ ಮಾಡಲಿಲ್ಲ. ಆ ದಿನದ ಚೀಲಗಳನ್ನೆಲ್ಲ ತಡೆಹಿಡಿದು, ಸದ್ಯಕ್ಕೆ ಸಾದಾ ಡ್ರಿಪ್ ಹಾಕಿಸಿ, ಗುಬ್ಬಿಯ ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ತೆಗೆಸಿದರು. ಅತ್ತಿಗೆ ಹಿಂದಿನ ಕೋಣೆಗೆ ಹೋದರು. ಏನೂ ತಿಳಿಯದೆ ನಾನೂ ಹಿಂದೆ ಹೋದೆ. ಕಿಟಕಿಯ ಕೆಳಗಿನ ಮುದಿ ಕಂಪ್ಯೂಟರಿನ ವೈರು ಸಿಕ್ಕಿಸಬೇಕಿತ್ತು. ಮೇಲಿದ್ದ ಕುಂಡವನ್ನು ಅತ್ತಿಗೆ ಎತ್ತಿ ಸಾಹೇಬರ ಕೈಗೆ ಕೊಟ್ಟರು. ಅವರು ತೆಗೆದುಕೊಂಡರು. ಎಲ್ಲಿಡಬೇಕೆಂದು ತೋಚದೆ ಎದೆಗೆ ಅವಚಿಕೊಂಡು ನಿಂತರು.

ಮುದಿ ಯಂತ್ರ ಕೆಮ್ಮಿತು. ಗುರುಗುಟ್ಟಿತು. ಎಷ್ಟು ಹೊತ್ತು ತೆಗೆದುಕೊಂಡಿತೆಂದು ನಾನು ಹೇಳಲಾರೆ. ಗೋಡೆಯ ಮೇಲೆ ಎಲ್ಲ ದೀಪಗಳೂ ತಣ್ಣಗೆ ಹಸಿರಾಗಿ ಉರಿಯುತ್ತಿದ್ದವು. ಹಸಿರು ಬಣ್ಣ ಅಷ್ಟು ಕೆಟ್ಟದಾಗಿ ಕಾಣಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಪರದೆ ತೆರೆಯಿತು. ಅತ್ತಿಗೆ ಅವತ್ತಿನ ತೂಕದ ಪಟ್ಟಿಯನ್ನು ಅದಕ್ಕೆ ಕೊಟ್ಟರು.

ಬೈಯಿತು. ಗುಬ್ಬಿಯ ಸಾಲಿನಲ್ಲಿ ನಿಂತು, ಇಲ್ಲಿ ತೂಕವಿಲ್ಲ, ಮುಂದೆ ಹೋಗುವುದಿಲ್ಲ ಎಂದು ಕೆಂಪಾಗಿ ಬೈಯಿತು. ಹೊಸದು ಅದೇ ಜಾಗಕ್ಕೆ ಏನು ತುಂಬಿತ್ತೆಂದು ಅತ್ತಿಗೆ ಪಕ್ಕದ ಯಂತ್ರದಲ್ಲಿ ತೆರೆದು ನೋಡಿದರು. ಮೇಲಿನ ಸಾಲಿನ ತೂಕ. ಮೇಲಿನ ಸಾಲಿನವನು ಪೈಲ್ವಾನ್. ಅವನಷ್ಟು ದೊಡ್ಡ ಕೂಸಿಗೆ ಆಗುವ ಸಕ್ಕರೆ, ಅವನಿಗೆ ಆಗುವ ಉಪ್ಪು, ನಮ್ಮ ಅಂಗೈಯಗಲದ ಕೂಸಿನ ಚೀಲದಲ್ಲಿತ್ತು.

ಅತ್ತಿಗೆ ಅಲ್ಲಿಗೆ ನಿಲ್ಲಿಸಲಿಲ್ಲ. ಹಿಂದಿನ ದಿನದ ಪಟ್ಟಿಯನ್ನೂ ಕೊಟ್ಟರು. ಅಲ್ಲೂ ಬೈಗುಳ. ಪೈಲ್ವಾನನ ಜಾಗ ಖಾಲಿ, ಅವನ ಮೇಲಿನ ಸಾಲಿನಲ್ಲಿದ್ದದ್ದು ವಾರ್ಡಿನಲ್ಲೇ ಸಣ್ಣ ಕೂಸು. ಇಡೀ ರಾತ್ರಿ ಅವನು ನಡುಗಿದ್ದು ಅರೆಹೊಟ್ಟೆಗೆ.

“ಅಂದ್ರೆ,” ಎಂದರು ಸಾಹೇಬರು. ಕುಂಡದ ಮಣ್ಣು ಅವರ ಟೈ ಮೇಲೆ ಉದುರುತ್ತಿತ್ತು. “ಅಂದ್ರೆ ಇದು ಯಾರ...”

“ಎಲ್ಲಾನೂ ಏರಿಸಲಾ ಅಂತ ಕೇಳ್ತು. ಹೂಂ ಅಂದೆ,” ಎಂದರು ಅತ್ತಿಗೆ. “ಒತ್ತಿದ್ದು ನಾನು.”

ಆ ದಿನ ಮುಗಿಯಲು ಬಹಳ ಹೊತ್ತು ಹಿಡಿಯಿತು. ಗುಬ್ಬಿಯ ರಕ್ತದಲ್ಲಿ ಸಕ್ಕರೆ ಏರಿತ್ತು. ಎಷ್ಟು ಏರಿತ್ತೆಂದು ಡಾಕ್ಟರು ಹೇಳಲಿಲ್ಲ, ‘ಕಾಯೋಣ’ ಎಂದರು. ಸಿಸ್ಟರ್ ಮತ್ತೆ ಮತ್ತೆ ಬಂದು ಆ ಬೆರಳ ತುದಿಯಷ್ಟರ ಹಿಮ್ಮಡಿಯನ್ನು ಚುಚ್ಚುತ್ತಿದ್ದಳು. ಪ್ರತಿ ಸಲ ಕೂಸಿನ ಬಾಯಿ ಅಳುವಂತೆ ತೆರೆಯುತ್ತಿತ್ತು. ಗಾಜಿನಿಂದಾಚೆ ನಮಗೆ ದನಿ ಕೇಳಿಸುತ್ತಿರಲಿಲ್ಲ. ನನ್ನ ತಂಗಿ ‘ನಾನೇ ಎಬ್ಬಿಸಬೇಡ ಅಂದೆ’ ಎಂದು ಗೋಡೆಗೆ ಹೇಳುತ್ತಾ ಕೂತಿದ್ದಳು. ಅಣ್ಣ ಅಂಗಡಿ ಮುಚ್ಚಿ ಬಂದು, ಹೆಂಡತಿಯ ಚಪ್ಪಲಿಯನ್ನು ಕಾರಿಡಾರಿನ ನಡುವಿನಿಂದ ತೆಗೆದು, ಅವರ ಕಾಲ ಬಳಿ ಜೋಡಿಸಿಟ್ಟ.

ತಂಗಿಯ ಮಗಳು ಮೇಲಿನ ವಾರ್ಡಿನಿಂದ ಗೋಡೆ ಹಿಡಿದುಕೊಂಡು ಇಳಿದು ಬಂದಳು. ಅತ್ತಿಗೆ ಎದ್ದು ಅವಳ ಎದುರು ನಿಂತರು. ಪ್ಯಾಕೇಜು, ಆವೃತ್ತಿ, ತಪಾಸಣೆ ಯಾವುದನ್ನೂ ಹೇಳಲಿಲ್ಲ. “ನಿನ್ನ ಮಗುವಿಗೆ ಇನ್ನೊಂದು ಮಗುವಿನ ಚೀಲ ಹೋಯ್ತು ಮಗಳೇ. ತಪ್ಪು ನನ್ನದು,” ಎಂದರು.

ಹುಡುಗಿ ಅವರನ್ನು ನೋಡಿದಳು. ಪರವಾಗಿಲ್ಲ ಅತ್ತೆ ಎನ್ನುತ್ತಾಳೆ ಎಂದು ನಾವೆಲ್ಲ ಕಾದೆವು. ಅವಳು ಗಾಜಿನ ಬಳಿ ಹೋಗಿ ಹಣೆಯಿಟ್ಟು ನಿಂತುಬಿಟ್ಟಳು. ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಇಳಿಯುತ್ತಿದೆ, ಬೇಗ ನಿಲ್ಲಿಸಿದ್ದರಿಂದ ಬಚಾವು ಎಂದ ಮೇಲೆ, ಹಿಂದೆ ತಿರುಗದೆಯೇ ಕೇಳಿದಳು:

“ನಾಳೆ ಚೀಲದ ಲೆಕ್ಕ ಯಾರು ನೋಡ್ತಾರೆ ಅತ್ತೆ?”

“ನಾನೇ.”

“ಹಳೇದರಲ್ಲೇ ನೋಡಿ,” ಎಂದಳು.

ಮರುದಿನ ಬೆಳಿಗ್ಗೆ ಅತ್ತಿಗೆಗೆ ಕಾಫಿ ಒಯ್ದೆ. ಮುದಿ ಕಂಪ್ಯೂಟರ್ ಮೇಜಿನ ಮೇಲೇರಿತ್ತು, ಕುಂಡ ನೆಲಕ್ಕಿಳಿದಿತ್ತು. ಕೂತ ತಕ್ಷಣ ಯಂತ್ರ ಬೈದಿತ್ತು. ಅತ್ತಿಗೆ ಫೋನಿನಲ್ಲಿ, “ಮಲಗಿದ್ರೂ ಎಬ್ಬಿಸಮ್ಮ, ಅತ್ರೂ ಪರವಾಗಿಲ್ಲ, ತೂಗು,” ಎನ್ನುತ್ತಿದ್ದರು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು.

ಹಸಿರು ಸಾಹೇಬರು ಬಂದರು. ಗೋಡೆಯ ಪರದೆಯಲ್ಲಿ ಹಳದಿ ದೀಪ ಮತ್ತೆ ಹತ್ತಿತ್ತು. ಅದನ್ನೊಮ್ಮೆ ನೋಡಿ, ಕುರ್ಚಿ ಎಳೆದುಕೊಂಡು ಕೂತರು. ರಾತ್ರಿಯೆಲ್ಲ ಯೋಚಿಸಿದವರ ಮುಖ. ಪ್ರಗತಿಯ ದಾರಿ ಮತ್ತೆ ಕಂಡವರ ಕಳೆಯೂ ಅದರಲ್ಲಿತ್ತು.

“ಮೇಡಂ, ನಾನೊಂದು ನಿರ್ಧಾರಕ್ಕೆ ಬಂದಿದ್ದೀನಿ. ನಮಗೆ ಬೇಕಾಗಿರೋದು ಹೊಸ ವ್ಯವಸ್ಥೆ. ಏನಾದ್ರೂ ತಪ್ಪಿದ್ರೆ ಅದೇ ನಿಂತು, ಅದೇ ಕೂಗಿ ಹೇಳೋ ಅಂಥದ್ದು. ಎಲ್ಲಿದ್ರೂ ತರಿಸೋಣ. ಅಂಥದ್ದು ಯಾವುದಾದ್ರೂ ಇದೆಯಾ?”

ಅತ್ತಿಗೆ ಫೋನನ್ನು ಕೆಳಗಿಟ್ಟರು.

“ಇತ್ತು ಸಾರ್,” ಎಂದರು. “ಅದರ ಮೇಲೇ ನೀವು ಕುಂಡ ಇಡ್ಸಿದ್ದು.”